ನಾನೂರ ಇಪ್ಪತ್ತೈದಕ್ಕೊಂದು

2025ರ ನವೆಂಬರ್ 7, ಶುಕ್ರವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ನಿವೃತ್ತ ಗಣಿತ ಮೇಷ್ಟ್ರು ರಾಮಚಂದ್ರಪ್ಪ ಉರಿಗಾಂ ಪೊಲೀಸ್ ಠಾಣೆಗೆ ಬಂದು, ಮನೆಯಲ್ಲೇ ಎರಡು ಪ್ರತಿ ಬರೆದು ತಂದಿದ್ದ ದೂರನ್ನು ಮೇಜಿನ ಮೇಲಿಟ್ಟರು. ಒಂದು ಪ್ರತಿಗೆ ಮೊಹರು ಹಾಕಿ ವಾಪಸು ಕೊಡಬೇಕೆಂದರು. ಹೆಡ್ ಕಾನ್‌ಸ್ಟೇಬಲ್ ನರೇಶ್ ಅದನ್ನು ಒಂದು ಸಲ ಓದಿದ, ಅರ್ಥವಾಗದೆ ಇನ್ನೊಂದು ಸಲ ಓದಿದ, ಆಮೇಲೆ ನಗು ತಡೆದುಕೊಂಡು ಇನ್‌ಸ್ಪೆಕ್ಟರ್ ಶಶಿರೇಖ ಅವರ ಕೋಣೆಗೆ ಹೋದ.

"ಮೇಡಂ, ಇಸ್ಪೀಟೆಲೆ ಬರ್ಕೊಂಡಿದ್ದ ನೋಟ್‌ಬುಕ್ ಕಳ್ಳತನ ಆಗಿದೆಯಂತೆ."

ಶಶಿರೇಖ ಈ ಠಾಣೆಗೆ ವರ್ಗವಾಗಿ ಬಂದು ಐದು ತಿಂಗಳಾಗಿತ್ತು. ಮೇಷ್ಟ್ರನ್ನು ಒಳಗೆ ಕರೆಸಿ ಕೂರಿಸಿದರು. ಅರವತ್ತಾರು ವರ್ಷ, ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಬಟ್ಟೆಯ ಚೀಲ. ಚೀಲವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು.

"ಎಷ್ಟು ಪುಸ್ತಕ ಹೋಗಿದೆ?"

"ಎರಡು. ಆರನೇದು ಮತ್ತೆ ಏಳನೇದು. ಒಂದರಿಂದ ಐದು ಟ್ರಂಕಿನಲ್ಲೇ ಇದೆ. ಎಂಟನೇದು ಈ ಚೀಲದಲ್ಲಿದೆ, ಇದನ್ನು ನಾನು ಬಿಟ್ಟಿರೋದಿಲ್ಲ."

"ಬೇರೆ ಏನಾದರೂ?"

"ಉಂಗುರ ಅಲ್ಲೇ ಇದೆ. ಟಿವಿ ಇದೆ. ಪಿಂಚಣಿ ತಂದಿಟ್ಟಿದ್ದೆ, ಅದೂ ಇದೆ."

"ದುಡ್ಡು ಕಟ್ಟಿ ಆಡ್ತೀರಾ?"

"ಹುಣಸೆ ಬೀಜ. ಸಂಜೆ ಏಳುವಾಗ ಎಲ್ಲ ಮತ್ತೆ ಡಬ್ಬಕ್ಕೆ ಹಾಕ್ತೀವಿ."

ನರೇಶ್ ಬಾಗಿಲಲ್ಲಿ ನಿಂತು ಮತ್ತೆ ನಕ್ಕ. ಶಶಿರೇಖ ಅವನ ಕಡೆ ಒಂದು ಸಲ ನೋಡಿದರು. ನಗು ನಿಂತಿತು.

ಮೇಷ್ಟ್ರು ವಿವರಿಸಿದರು. ಬಂಗಾರಪೇಟೆಯ ಸರ್ಕಾರಿ ಹೈಸ್ಕೂಲಿನಲ್ಲಿ ಅವರು ಪಾಠ ಮಾಡುತ್ತಿದ್ದಾಗ, ಹತ್ತನೇ ತರಗತಿಗೆ ಸಂಭವನೀಯತೆಯ ಅಧ್ಯಾಯ ಬಂದಾಗಲೆಲ್ಲ ಇಸ್ಪೀಟಿನ ಉದಾಹರಣೆ ಕೊಡುತ್ತಿದ್ದರು. ಒಬ್ಬೊಬ್ಬರಿಗೆ ಮೂರು ಎಲೆ ಹಂಚಿದರೆ ಮೂರೂ ಒಂದೇ ಅಂಕಿ ಬೀಳುವುದು ನಾನೂರ ಇಪ್ಪತ್ತೈದಕ್ಕೆ ಒಂದು ಸಲ. ಮೂರು ಎಕ್ಕವೋ ಮೂರು ರಾಜನೋ ಮೂರು ಒಂಬತ್ತೋ, ಯಾವುದಾದರೂ ಸರಿ. ಆಡುವವರು ಅದನ್ನು ಟ್ರೈಲ್ ಎನ್ನುತ್ತಾರೆ, ಅದಕ್ಕಿಂತ ದೊಡ್ಡ ಎಲೆ ಇಲ್ಲ. ಅವರು ನಿವೃತ್ತರಾದ ವರ್ಷ ಸುಮಿತಾ ಎಂಬ ಹುಡುಗಿ ಎದ್ದು ನಿಂತು, "ಸಾರ್, ನಿಜವಾಗ್ಲೂ ಅಷ್ಟೇ ಬರುತ್ತಾ? ಯಾರಾದ್ರೂ ಆಡಿ ನೋಡಿದಾರಾ?" ಎಂದು ಕೇಳಿದಳು. ಮೇಷ್ಟ್ರು ಆ ಪ್ರಶ್ನೆಯನ್ನು ಮನೆಗೆ ಕೊಂಡೊಯ್ದರು.

"ನಾನೂರ ಇಪ್ಪತ್ತೈದು ಹೇಗೆ ಬಂತು?" ಶಶಿರೇಖ ಕೇಳಿದರು.

ಮೇಷ್ಟ್ರ ಮುಖ ಮೊದಲ ಸಲ ಅರಳಿತು. "ಮೊದಲನೇ ಎಲೆ ಯಾವುದಾದರೂ ಬರಲಿ. ಒಂಬತ್ತು ಬಂತು ಅನ್ನಿ. ಇನ್ನು ಐವತ್ತೊಂದು ಎಲೆ ಉಳೀತು, ಅದರಲ್ಲಿ ಒಂಬತ್ತು ಮೂರೇ ಇದೆ. ಅದೂ ಬಂತು ಅನ್ನಿ. ಆಮೇಲೆ ಐವತ್ತು ಎಲೆಯಲ್ಲಿ ಒಂಬತ್ತು ಎರಡೇ. ಐವತ್ತೊಂದರಲ್ಲಿ ಮೂರು, ಇಂಟು ಐವತ್ತರಲ್ಲಿ ಎರಡು. ಹೊಡೆದು ಹಾಕಿದರೆ ನಾನೂರ ಇಪ್ಪತ್ತೈದರಲ್ಲಿ ಒಂದು."

ಐವತ್ತೆರಡು ಎಲೆಯಿಂದ ಮೂರನ್ನು ಒಟ್ಟು ಇಪ್ಪತ್ತೆರಡು ಸಾವಿರದ ನೂರು ರೀತಿಯಲ್ಲಿ ತೆಗೆಯಬಹುದು. ಅದಕ್ಕೇ ಮೇಷ್ಟ್ರು ಅಷ್ಟೇ ಸಲ ಹಂಚಿ ಬರೆದಿಡುವುದೆಂದು ನಿಶ್ಚಯಿಸಿದ್ದರು. 2021ರ ಜನವರಿ 4ರಿಂದ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ನಾಲ್ಕಕ್ಕೆ ಆಟ. ಆಡುವವರು ಮೂವರು. ದಿನಕ್ಕೆ ಹತ್ತು ಸಲ ಹಂಚಿದರೆ ಮೂವತ್ತು ಕೈ. ಯಾರಿಗೆ ಯಾವ ಎಲೆ ಬಿತ್ತು, ಹಂಚಿದವರು ಯಾರು, ಎಲ್ಲ ಬರೆಯುವುದು. ದಿನಕ್ಕೊಂದು ಪುಟ. ನಡುವೆ ಒಟ್ಟು ಹಾಕಿ ನೋಡುವಂತಿಲ್ಲ.

"ಬುಧವಾರದವರೆಗೆ ಇಪ್ಪತ್ತೊಂದು ಸಾವಿರದ ಎಂಟುನೂರ ಹತ್ತು ಆಗಿತ್ತು. ಇನ್ನು ಹತ್ತು ದಿನದ ಆಟ," ಎಂದರು ಮೇಷ್ಟ್ರು. ಕನ್ನಡಕ ತೆಗೆದು ಒರೆಸಿಕೊಂಡರು. "ಮುಗಿದ ಮೇಲೆ ಸ್ಕೂಲಿಗೆ ಹೋಗಿ ಮಕ್ಕಳ ಮುಂದೆ ಬೋರ್ಡಿನ ಮೇಲೆ ಬರೆಯೋಣ ಅಂತಿದ್ದೆ."

ಶಶಿರೇಖ ದೂರಿನ ಕೆಳಗೆ ಸಹಿ ಮಾಡಿದರು. ಭಾರತೀಯ ನ್ಯಾಯ ಸಂಹಿತೆ ಕಲಂ 305, ವಾಸದ ಮನೆಯಲ್ಲಿ ಕಳ್ಳತನ. ಎಫ್‌ಐಆರ್ ದಾಖಲಾದ ಸಮಯ 10 ಗಂಟೆ 25 ನಿಮಿಷ.

ಸ್ಥಳ ಪಂಚನಾಮೆ 11.30ಕ್ಕೆ ಶುರುವಾಯಿತು. ಉರಿಗಾಂನಲ್ಲಿ ಮೇಷ್ಟ್ರದು ಎರಡು ಕೋಣೆಯ ಮನೆ. ಬೀಗ ಒಡೆದಿಲ್ಲ, ಕಿಟಕಿ ಸರಳು ಗಟ್ಟಿ. ಮಂಚದ ಕೆಳಗಿನ ಟ್ರಂಕಿಗೆ ಬೀಗವೇ ಇರಲಿಲ್ಲ. ಐದು ನೋಟ್‌ಬುಕ್ಕುಗಳು ಕಂದು ರಟ್ಟು ಹಾಕಿಸಿಕೊಂಡು ವರಸೆಯಾಗಿ ನಿಂತಿದ್ದವು, ಪಕ್ಕದಲ್ಲಿ ಎರಡು ಪುಸ್ತಕದಷ್ಟು ಖಾಲಿ ಜಾಗ.

ಹಿಂದಿನ ದಿನ ಗುರುವಾರ ಮೇಷ್ಟ್ರು ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಲು ಬೆಳಗಿನ ರೈಲುಗಾಡಿಯಲ್ಲಿ ಬಂಗಾರಪೇಟೆಗೆ ಹೋಗಿ ಮಧ್ಯಾಹ್ನ ಮೂರಕ್ಕೆ ವಾಪಸಾಗಿದ್ದರು. ಬೀಗದ ಕೈ ಮೀಟರ್ ಪೆಟ್ಟಿಗೆಯ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತಿತ್ತು.

"ಅದು ಯಾರಿಗೆ ಗೊತ್ತು?"

"ಮನೆಗೆಲಸದ ರಾಧಾಮಣಿಗೆ. ಮುನಿಶಾಮಿಗೆ. ಕೋದಂಡಪ್ಪನಿಗೆ." ಮೇಷ್ಟ್ರು ಟ್ರಂಕಿನ ಮುಚ್ಚಳ ಹಾಕಿದರು. "ಇವರು ಯಾರೂ ಅಲ್ಲ ಮೇಡಂ."

ಮುನಿಶಾಮಿ, ಕೋದಂಡಪ್ಪ ಇಬ್ಬರೂ ಆಟದ ಜೊತೆಗಾರರು. ಮೂವರ ಪರಿಚಯವಾದದ್ದು ರೈಲಿನಲ್ಲಿ. ಮೇಷ್ಟ್ರು ಶಾಲೆಗೆ ಹೋಗುತ್ತಿದ್ದರು, ಮುನಿಶಾಮಿ ಕೋರಮಂಡಲ್ ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ಕಟ್ಟಡವೊಂದರಲ್ಲಿ ಕಾವಲಿಗೆ ಹೋಗುತ್ತಿದ್ದ, ಕೋದಂಡಪ್ಪ ಹಾಲಿನ ಕ್ಯಾನು ಸಾಗಿಸುತ್ತಿದ್ದ. ಇಪ್ಪತ್ತು ವರ್ಷ ಒಂದೇ ಬೋಗಿಯಲ್ಲಿ, ಕ್ಯಾನಿನ ಮುಚ್ಚಳದ ಮೇಲೆ ಇಸ್ಪೀಟಾಡಿದವರು.

ರಾಧಾಮಣಿಯನ್ನು ಅವಳ ಮನೆಯ ಮುಂದೆಯೇ ವಿಚಾರಿಸಿದರು.

"ಗುರುವಾರ ಕೆಲಸಕ್ಕೆ ಹೋಗಿದ್ದೆಯಾ?"

"ಇಲ್ಲಮ್ಮ. ಮೇಷ್ಟ್ರೇ ಬ್ಯಾಡ ಅಂದಿದ್ರು."

"ಹಳೇ ಪೇಪರ್ ಅಂತ ಪುಸ್ತಕ ಏನಾದ್ರೂ ಗುಜರಿಗೆ ಹಾಕಿದೆಯಾ?"

ಅವಳು ಕೈಲಿದ್ದ ಪಾತ್ರೆ ಕೆಳಗಿಟ್ಟಳು. "ಆ ಬುಕ್ಕಿನ ಮ್ಯಾಲೆ ಧೂಳು ಕೂತ್ರೆ ಮೇಷ್ಟ್ರು ಒಣಬಟ್ಟೇಲೇ ಒರ್ಸಬೇಕು ಅಂತಾರೆ. ಐದು ವರ್ಷದಿಂದ ಅಂಗೇ ಒರ್ಸಿವ್ನಿ. ನಾನ್ಯಾಕಮ್ಮ ಗುಜರಿಗಾಕ್ಲಿ?"

ಗುಜರಿ ಅಂಗಡಿಗಳಲ್ಲಿ ನರೇಶ್ ಮಧ್ಯಾಹ್ನವೆಲ್ಲ ಹುಡುಕಿದ. ಪುಸ್ತಕಗಳ ಸುಳಿವಿರಲಿಲ್ಲ.

ಸಂಜೆ 4.10ಕ್ಕೆ ಶಶಿರೇಖ ಕೋರಮಂಡಲ್‌ನ ಗಣಿ ಕಾರ್ಮಿಕರ ಸಾಲುಮನೆಗಳಿಗೆ ಹೋದರು. ಮುನಿಶಾಮಿ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ವಯಸ್ಸು ಅರವತ್ತೆಂಟು, ನೋಡಲು ಇನ್ನೂ ಹೆಚ್ಚು. ಹದಿನೆಂಟು ವರ್ಷ ಭೂಮಿಯ ಕೆಳಗೆ ಕಲ್ಲು ಕೊರೆದಿದ್ದ, ಆ ದೂಳು ಈಗ ಎದೆಯಲ್ಲಿತ್ತು. ಎರಡು ಮಾತಾಡಿದರೆ ಒಂದು ಸಲ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕಿತ್ತು. ಹೆಂಡತಿ ಪೆದ್ದಮ್ಮ ಒಳಗಿನಿಂದ ಕುರ್ಚಿ ತಂದಿಟ್ಟಳು.

"ನಿನ್ನೆ ಎಲ್ಲಿದ್ರಿ?"

"ಬಂಗಾರಪ್ಯಾಟೆ ಆಸ್ಪತ್ರೇಲಿ. ಗುರ್ವಾರ ಗುರ್ವಾರ... ಎದೆ ಡಾಕ್ಟ್ರು ಬತ್ತಾರೆ. ಮೇಷ್ಟ್ರು ಜೊತೇಲಿದ್ರು."

"ಯಾವಾಗಲೂ ಮೇಷ್ಟ್ರೇ ಬರ್ತಾರಾ?"

"ಇಲ್ಲ ತಾಯಿ, ಕೋದಂಡ ಬತ್ತಾನೆ. ನಿನ್ನೆ ಅವ್ನ ಹಸೂಗೆ ಜ್ವರ ಅಂತೆ, ದನದ ಡಾಕ್ಟ್ರು ಬತ್ತಾರೆ ಅಂದ." ಮುನಿಶಾಮಿ ಉಸಿರು ತೆಗೆದುಕೊಂಡು ಕೇಳಿದ, "ಬುಕ್ಕು ಸಿಗ್ತದಾ? ಪಾಪ, ಮೇಷ್ಟ್ರು ಊಟ ಬುಟ್ಟವ್ರೆ."

ಯಾರೂ ಹಾಸಿಗೆ ಹಿಡಿಯದಿದ್ದರೂ ಆಟ ನಿಂತದ್ದು ಐದು ವರ್ಷದಲ್ಲಿ ಅಂದೇ ಮೊದಲು.

ನವೆಂಬರ್ 8, ಶನಿವಾರ. ಕಳ್ಳ ಟ್ರಂಕಿನ ಏಳರಲ್ಲಿ ಎರಡನ್ನು ಮಾತ್ರ ಏಕೆ ಆರಿಸಿದ ಎಂಬ ಪ್ರಶ್ನೆ ಶಶಿರೇಖ ಅವರನ್ನು ಬಿಟ್ಟಿರಲಿಲ್ಲ. ಉಳಿದಿದ್ದ ಎಂಟನೇ ಪುಸ್ತಕವನ್ನು ರಸೀದಿ ಕೊಟ್ಟು ತರಿಸಿಕೊಂಡು, ಮಧ್ಯಾಹ್ನ ಊಟವಾದ ಮೇಲೆ ಮೊದಲ ಪುಟದಿಂದ ಓದತೊಡಗಿದರು. ಜುಲೈನಿಂದ ಈಚೆಗೆ ಐವತ್ತೈದು ದಿನದ ಆಟ. ಅಚ್ಚು ಹಾಕಿದಂಥ ಅಕ್ಷರ, ಒಂದೇ ಒಂದು ಚಿತ್ತಿಲ್ಲ. ಸಾಲಿನ ಕೊನೆಯಲ್ಲಿ ಹಂಚಿದವರ ಹೆಸರಿನ ಮೊದಲ ಅಕ್ಷರ: ರಾ, ಮು, ಕೋ.

ಟ್ರೈಲ್ ಬಂದ ಕಡೆಯೆಲ್ಲ ಪೆನ್ಸಿಲಿನಿಂದ ಬೇರೆ ಹಾಳೆಗೆ ಇಳಿಸಿಕೊಂಡರು. ಮೇಷ್ಟ್ರಿಗೆ ಒಂದು. ಕೋದಂಡಪ್ಪನಿಗೆ ಒಂದು. ಮುನಿಶಾಮಿಗೆ ಏಳು.

ಒಬ್ಬೊಬ್ಬರಿಗೆ ಬಿದ್ದದ್ದು ಐನೂರ ಐವತ್ತು ಕೈ. ನಾನೂರ ಇಪ್ಪತ್ತೈದಕ್ಕೊಂದರಂತೆ ಒಂದೋ ಎರಡೋ ಬರಬೇಕು. ಏಳು ಬರುವುದು ಅಪರೂಪ, ಆದರೆ ಬರಲೇಬಾರದೆಂದೇನೂ ಇಲ್ಲ. ಶಶಿರೇಖ ಆ ಏಳು ಪುಟಗಳ ತಾರೀಖು ನೋಡಿದರು. ಗೋಡೆಯ ಕ್ಯಾಲೆಂಡರಿನ ಹತ್ತಿರ ಎದ್ದು ಹೋಗಿ ಇನ್ನೊಂದು ಸಲ ನೋಡಿದರು.

"ನರೇಶ್, ಬನ್ನಿ ಇಲ್ಲಿ. ಈ ಏಳೂ ಯಾವ ವಾರ?"

ನರೇಶ್ ಬೆರಳಿಟ್ಟು ನೋಡಿದ. "ಬುಧವಾರ. ಇದೂ ಬುಧವಾರ. ಎಲ್ಲಾ ಬುಧವಾರವೇ ಮೇಡಂ."

"ಹಂಚಿದವರು?"

"ಕೋ. ಕೋ. ಕೋ..." ಅವನು ಕೊನೆಯವರೆಗೂ ಓದಿದ. "ಏಳೂ ಕೋದಂಡಪ್ಪನೇ."

ಆಟದ ದಿನ ವಾರಕ್ಕೆ ಮೂರು. ಹಂಚುವವರೂ ಮೂವರು. ತಾನಾಗಿಯೇ ಬಂದ ಟ್ರೈಲ್ ಬುಧವಾರವೇ, ಅದೂ ಕೋದಂಡಪ್ಪನ ಕೈಯಿಂದಲೇ ಬೀಳುವುದು ಒಂಬತ್ತರಲ್ಲಿ ಒಂದು ಸಲ. ಏಳೂ ಹಾಗೇ ಬೀಳಬೇಕಾದರೆ ಏಳು ಒಂಬತ್ತುಗಳನ್ನು ಒಂದರಿಂದೊಂದು ಗುಣಿಸಬೇಕು. ಶಶಿರೇಖ ಮೊಬೈಲಿನಲ್ಲಿ ಒತ್ತಿ, ಬಂದ ಉತ್ತರವನ್ನು ನರೇಶನಿಗೆ ತೋರಿಸಿದರು: ನಲವತ್ತೇಳು ಲಕ್ಷದ ಎಂಬತ್ತೆರಡು ಸಾವಿರದ ಒಂಬೈನೂರ ಅರವತ್ತೊಂಬತ್ತಕ್ಕೆ ಒಂದು.

"ಹಂಗಾದ್ರೆ ಇಬ್ರೂ ಸೇರ್ಕೊಂಡು ಮೇಷ್ಟ್ರಿಗೆ ಮೋಸ ಮಾಡವ್ರೆ."

"ಯಾತಕ್ಕೆ, ಹುಣಸೆ ಬೀಜಕ್ಕಾ?"

ಶಶಿರೇಖ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಬುಧವಾರದ ಮಾರನೆಯ ದಿನ ಗುರುವಾರ.

ನವೆಂಬರ್ 9, ಭಾನುವಾರ ಬೆಳಿಗ್ಗೆ 8.15. ಪೆದ್ದಮ್ಮ ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಾಗ ಶಶಿರೇಖ ಒಬ್ಬರೇ ಹೋಗಿ ಅವಳ ಪಕ್ಕದ ಕಟ್ಟೆಯ ಮೇಲೆ ಕೂತರು. ಜೊತೆಗೆ ಯಾರನ್ನೂ ಕರೆತಂದಿರಲಿಲ್ಲ.

"ಪೆದ್ದಮ್ಮಾ, ನಿಮ್ಮ ಯಜಮಾನರು ಗುರುವಾರ ತಪ್ಪದೆ ಆಸ್ಪತ್ರೆಗೆ ಹೋಗ್ತಾರಾ?"

"ಎಲ್ಲಿ ಸಾಮಿ! ಓಗಲ್ಲ ಅಂತ ಅಟ ಇಡ್ಕೊಂಡ್ರೆ ಮುಗೀತು. 'ಸಾಯೋನ್ಗೆ ಯಾಕೆ ಮೂಗಿಗೆ ಗಾಳಿ, ಯಾಕೆ ಮಾತ್ರೆ' ಅಂತದೆ. ನಾನು ಅತ್ರೂ ಕೇಳಲ್ಲ."

"ಮತ್ತೆ ಹೇಗೆ ಹೋಗ್ತಾರೆ?"

ಪೆದ್ದಮ್ಮ ತುಂಬಿದ ಕೊಡ ಪಕ್ಕಕ್ಕಿಟ್ಟು ಮುಖ ಒರೆಸಿಕೊಂಡಳು. ನಗುತ್ತಿದ್ದಳು. "ನಮ್ಮ ಪುಣ್ಯ, ಆಟದಾಗೆ ಮೂರೂ ಒಂದೇ ಎಲೆ ಬೀಳ್ತದೆ. ಅವತ್ತು ಮನೆಗೆ ಬಂದು, 'ಪೆದ್ದೀ, ದೇವ್ರು ನನ್ನ ಎಸ್ರು ಇನ್ನೂ ಒಡೆದಾಕಿಲ್ಲ ಕಣೇ' ಅಂತದೆ. ಎಲ್ಡು ಮುದ್ದೆ ಉಣ್ತದೆ. ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಗಾಡಿಗೆ ಓಗ್ತದೆ. ಓಗಲ್ಲ ಅಂದ ವಾರವೇ ಬೀಳ್ತದೆ ಸಾಮಿ, ಅಂಗೈತೆ ನಮ್ಮ ದೇವ್ರು."

ಶಶಿರೇಖ ಬೇರೇನೂ ಕೇಳಲಿಲ್ಲ. ಎರಡನೇ ಕೊಡವನ್ನು ಅವಳ ಸೊಂಟಕ್ಕೆ ಎತ್ತಿಕೊಟ್ಟು ಬಂದರು.

ಸೋಮವಾರ ಬೆಳಿಗ್ಗೆ ಮೂರು ವಿಷಯ ಖಚಿತವಾದವು. ಬಂಗಾರಪೇಟೆ ಆಸ್ಪತ್ರೆಯ ಹೊರರೋಗಿಗಳ ಪಟ್ಟಿಯಲ್ಲಿ, ಆ ಏಳು ಬುಧವಾರಗಳ ಮರುದಿನವೂ ಮುನಿಶಾಮಿಯ ಹೆಸರಿತ್ತು. ನವೆಂಬರ್ 6ರಂದು ಯಾವ ಪಶುವೈದ್ಯರೂ ಕೋದಂಡಪ್ಪನ ಮನೆಗೆ ಹೋಗಿರಲಿಲ್ಲ. ಅಂದು ಬೆಳಿಗ್ಗೆ ಅವನು ಎರಡೂ ಹಸುವಿನ ಹಾಲನ್ನು ಡೈರಿಗೆ ಎಂದಿನಷ್ಟೇ ಹಾಕಿದ್ದ.

ಮಧ್ಯಾಹ್ನ 3.15ಕ್ಕೆ ಶಶಿರೇಖ, ನರೇಶ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಶ್ಯಾಮಲಾ ಉರಿಗಾಂ ಆಚೆಯ ಹಳ್ಳಿಯಲ್ಲಿ ಕೋದಂಡಪ್ಪನ ಮನೆ ಮುಂದೆ ಜೀಪು ನಿಲ್ಲಿಸಿದರು. ಅವನು ಕೊಟ್ಟಿಗೆಯಲ್ಲಿ ಹುಲ್ಲು ಕತ್ತರಿಸುತ್ತಿದ್ದ. ತೆಳ್ಳಗಿನ ಮನುಷ್ಯ, ಅರವತ್ತೇಳು ವರ್ಷ, ಬೆರಳುಗಳು ಮಾತ್ರ ಉದ್ದ. ಅವನ ಹೆಂಡತಿ ಅನಸೂಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಯಾವ ಹಸುವಿಗೆ ಜ್ವರ ಬಂದಿದ್ದು?" ಶಶಿರೇಖ ಕೇಳಿದರು.

"ಈ ಕೆಂದುಗೆ... ಈಗ ವಾಸಿ ಆಗೈತೆ."

"ಡಾಕ್ಟರ್ ಬಂದಿಲ್ಲ ಅಂತಾರಲ್ಲ?"

ಕೋದಂಡಪ್ಪ ಇನ್ನೊಂದು ಹಿಡಿ ಹುಲ್ಲು ಎಳೆದುಕೊಂಡ.

"ಮೂರೂ ಒಂದೇ ಎಲೆ ಬೀಳೋ ಹಂಗೆ ಹಂಚೋದು ಎಲ್ಲಿ ಕಲಿತ್ರಿ?"

ಕೋದಂಡಪ್ಪ ಕುಡುಗೋಲನ್ನು ನಿಧಾನವಾಗಿ ಕೆಳಗಿಟ್ಟ. "ಚಿಕ್ಕವನಿದ್ದಾಗ ಬಂಗಾರಪ್ಯಾಟೆ ಟೇಸನ್ನಾಗೆ ಕೂಲಿ ಮಾಡ್ತಿದ್ದೆ. ಅಲ್ಲೊಬ್ಬ ಕಲ್ಸಿದ್ದ. ಮೂರೆಲೆ ತಳಕ್ಕೆ ಮಡಿಕ್ಕೊಂಡು ತಳದಿಂದ ಎಳೆಯಾದು." ಆಮೇಲೆ ಗಾಬರಿಯಿಂದ ತಲೆ ಎತ್ತಿದ. "ಮುನಿಶಾಮಿಗೆ ಏಳಿದ್ರಾ ಮೇಡಂ?"

"ಇಲ್ಲ."

ಅವನು ಹುಲ್ಲಿನ ಮೇಲೆ ಕೂತುಬಿಟ್ಟ.

"ಹೋದ ವರ್ಷ ಜೂನ್ ಕೊನೇನಾಗೆ ಡಾಕ್ಟ್ರು ಇನ್ಮೇಲೆ ವಾರವಾರ ಬರಬೇಕು, ಮೂಗಿಗೆ ಗಾಳಿ ಇಡಿಸ್ಕೋಬೇಕು ಅಂದ್ರು. ಇವ್ನು ಒಲ್ಲೆ ಅಂದ. ಆಮ್ಯಾಕೆ ಬುಧವಾರ ಆಟದಾಗೆ ಇವ್ನಿಗೆ ಮೂರು ಒಂಬತ್ತು ಬಿತ್ತು. ನಿಜವಾಗ್ಲೂ ಬಿತ್ತು ಮೇಡಂ, ಮೇಷ್ಟ್ರೇ ಅಂಚಿದ್ದು. ಇವ್ನು ಮಗು ತರ ಕುಣಿದ. ಮಾರ್ನೇ ದಿನ ತಾನೇ ಆಸ್ಪತ್ರೆಗೆ ಬಂದ. ಮುಂದಿನ ವಾರ ಮತ್ತೆ ಒಲ್ಲೆ ಅಂದ. ಆಗ ನಾನು..." ಅವನು ತನ್ನ ಕೈ ನೋಡಿಕೊಂಡ. "ಐವತ್ತು ವರ್ಷ ಆಗಿತ್ತು ಆ ಕೆಲ್ಸ ಬುಟ್ಟು. ಬೆರಳು ಮರ್ತಿರ್ಲಿಲ್ಲ."

"ಎಷ್ಟು ಸಲ?"

"ಇಪ್ಪತ್ತೋ ಇಪ್ಪತ್ತೊಂದೋ. ಓಗಲ್ಲ ಅಂದ ವಾರ ಮಾತ್ರ."

"ಪುಸ್ತಕ ಯಾಕೆ ತಗೊಂಡ್ರಿ?"

"ಬುಧವಾರ ಮೇಷ್ಟ್ರು ಏಳಿದ್ರು, ಎಲ್ಲಾ ಒಟ್ಟಾಕ್ತೀನಿ, ಯಾರಿಗೆ ಏನ್ ಬಿತ್ತು, ಯಾವ ದಿನ ಬಿತ್ತು, ಯಾರು ಅಂಚಿದ್ರು ಅಂತ. ನೀವು ಒಂದು ಬುಕ್ಕು ನೋಡೇ ಕಂಡಿಡುದ್ರಿ. ಮೇಷ್ಟ್ರು ಕಂಡಿಡಿಯಲ್ವಾ? ಅವ್ರು ಸುಳ್ಳೇಳೋ ಪೈಕಿ ಅಲ್ಲ. ಮುನಿಶಾಮಿ ಕೇಳಿದ್ರೆ ಏಳ್ಬುಡ್ತಾರೆ. ಅವತ್ತಿಗೆ ಮುಗೀತು. ಅವ್ನು ಇನ್ನು ಆ ಗಾಡಿ ಅತ್ತಲ್ಲ."

"ಎಂಟನೇ ಪುಸ್ತಕ?"

"ಅದ್ನೂ ತಗೊಳ್ಳೋಣ ಅಂತಿದ್ದೆ. ಮೇಷ್ಟ್ರು ಚೀಲ ಕೆಳಗಿಡ್ಲೇ ಇಲ್ಲ."

ಅವನೇ ಎದ್ದು ಬೂಸಾ ತುಂಬಿದ್ದ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಹಾಕಿ, ಗೊಬ್ಬರದ ಚೀಲದಲ್ಲಿ ಸುತ್ತಿದ್ದ ಗಂಟನ್ನು ತೆಗೆದುಕೊಟ್ಟ. ಹಗ್ಗ ಬಿಚ್ಚಿದಾಗ ಎರಡೂ ಪುಸ್ತಕಗಳು ಸ್ವಲ್ಪವೂ ಮುಕ್ಕಾಗದೆ ಇದ್ದವು.

"ಸುಟ್ಟು ಹಾಕಿದ್ದರೆ ಗೊತ್ತೇ ಆಗ್ತಿರಲಿಲ್ಲ," ಎಂದ ನರೇಶ್.

"ನೀರೊಲೆ ಮುಂದೆ ಕೂತ್ಕೊಂಡಿದ್ದೆ ಸಾರ್. ಒಂದು ಹಾಳೆ ತೆಗೆದು ನೋಡ್ದೆ. ನಾನು ಓದಿರಾದು ಮೂರನೇ ಕ್ಲಾಸು. ನನ್ನ ಎಸ್ರು ಅಷ್ಟು ಸಲ ಯಾರೂ ಬರೆದಿಲ್ಲ."

ಜಪ್ತಿ ಪಂಚನಾಮೆ ಮುಗಿದಾಗ 4.30. ನೋಟಿಸು ಕೊಟ್ಟು ಬಿಡಬಹುದಾಗಿತ್ತೇನೋ. ಆದರೆ ಇನ್ನೊಂದು ಪುಸ್ತಕವನ್ನೂ ಕದಿಯುವ ಯೋಚನೆ ಇತ್ತೆಂದು ಆರೋಪಿಯೇ, ಜಪ್ತಿಗೆ ಸಾಕ್ಷಿಗಳಾಗಿ ಕರೆಸಿದ್ದ ಊರ ಪಂಚರ ಮುಂದೆ ಹೇಳಿದ್ದ. ಸಂಜೆ 4.40ಕ್ಕೆ ಕೋದಂಡಪ್ಪನನ್ನು ಬಂಧಿ‌ಸಲಾಯಿತು. ಬಂಧನದ ತಿಳುವಳಿಕೆ ಪತ್ರಕ್ಕೆ ಅನಸೂಯಮ್ಮ ಹೆಬ್ಬೆಟ್ಟು ಒತ್ತಿದಳು. ಒತ್ತಿದವಳು, "ನಾನು ಅವತ್ತೇ ಏಳ್ದೆ, ಮೇಷ್ಟ್ರ ಕಾಲು ಇಡ್ಕೊಂಡು ನಿಜ ಏಳ್ಬುಡು ಅಂತ," ಎಂದು ಗಂಡನ ಕಡೆ ನೋಡದೆ ಹೇಳಿ, ಒಳಗೆ ಹೋಗಿ ಅವನ ಸ್ವೆಟರ್ ತಂದು ಶ್ಯಾಮಲಾ ಕೈಗೆ ಕೊಟ್ಟಳು.

ಪುಸ್ತಕ ಗುರುತಿಸಲು ಮೇಷ್ಟ್ರನ್ನು ಸಂಜೆ 6.20ಕ್ಕೆ ಠಾಣೆಗೆ ಕರೆಸಿದರು. ಕೋದಂಡಪ್ಪ ಗೋಡೆ ಬದಿಯ ಬೆಂಚಿನ ಮೇಲೆ ಕೂತಿದ್ದ. ಮೇಷ್ಟ್ರು ಅವನನ್ನು ನೋಡಿದರು, ಪುಸ್ತಕಗಳನ್ನು ನೋಡಿದರು, ಶಶಿರೇಖ ಅವರನ್ನು ನೋಡಿದರು. ಶಶಿರೇಖ ನಡೆದದ್ದನ್ನೆಲ್ಲ ಒಂದನ್ನೂ ಬಿಡದೆ ಹೇಳಿದರು. ಎಂಟನೇ ಪುಸ್ತಕದಿಂದ ಇಳಿಸಿಕೊಂಡಿದ್ದ ಹಾಳೆಯನ್ನೂ ತೋರಿಸಿದರು.

ಮೇಷ್ಟ್ರು ಆ ಹಾಳೆಯ ಏಳೂ ತಾರೀಖುಗಳ ಮೇಲೆ ಬೆರಳಾಡಿಸಿದರು.

"ಐದು ವರ್ಷ," ಎಂದರು. "ಒಂದು ಅಂಕಿ ತಪ್ಪು ಬರೆದಿಲ್ಲ ನಾನು. ನೀನು ಎಲೆಯನ್ನೇ ತಪ್ಪು ಹಂಚಿದೆ. ಇದನ್ನು ತಗೊಂಡು ಹೋಗಿ ಮಕ್ಕಳ ಮುಂದೆ ಬರೀತಿದ್ದೆನಲ್ಲೋ, ಅದು ಸುಳ್ಳಾಗ್ತಿತ್ತು."

ಕೋದಂಡಪ್ಪ ತಲೆ ಎತ್ತಲಿಲ್ಲ. "ತಪ್ಪಾಯ್ತು ಮೇಷ್ಟ್ರೇ."

ಮೇಷ್ಟ್ರು ಎದ್ದು ಹೊರಗೆ ಹೋದರು. ಕಾಂಪೌಂಡಿನ ಬೇವಿನ ಮರದ ಕೆಳಗೆ ಹತ್ತು ನಿಮಿಷ ನಿಂತರು. ಶಶಿರೇಖ ಯಾರನ್ನೂ ಹಿಂದೆ ಕಳಿಸಲಿಲ್ಲ. ವಾಪಸು ಬಂದಾಗ ಮೇಷ್ಟ್ರು ಬೆಂಚಿನ ಮೇಲೆ ಕೋದಂಡಪ್ಪನ ಪಕ್ಕದಲ್ಲೇ ಕೂತರು.

"ನನಗೂ ಅನುಮಾನ ಬಂದಿತ್ತು ಮೇಡಂ," ಎಂದರು. "ಅಷ್ಟು ಬಾರಿ ಬೀಳೋದಿಲ್ಲ. ಆದರೆ ಒಂದೇ ಕಡೆ ಗುಂಪಾಗಿ ಬೀಳೋದೂ ಉಂಟು ಅಂತ ಮಕ್ಕಳಿಗೆ ಹೇಳಿದ ಪಾಠವನ್ನೇ ನನಗೂ ಹೇಳಿಕೊಂಡೆ. ಮುನಿಶಾಮಿ ಎಲೆ ತಿರುಗಿಸಿ ನಗ್ತಿದ್ದ. ನಾನು ವಾರ ಯಾವುದು ಅಂತ ನೋಡಲಿಲ್ಲ." ಆಮೇಲೆ ಗೆಳೆಯನ ಕಡೆ ತಿರುಗಿದರು. "ಮೊದಲನೇದು ಯಾವತ್ತು ಹಾಕಿದೆ?"

"ಮೂರು ಒಂಬತ್ತು ಬಿದ್ದ ಮುಂದಿನ ಬುಧವಾರ."

ಮೇಷ್ಟ್ರು ಆರನೇ ಪುಸ್ತಕ ತೆರೆದರು. 2024ರ ಜುಲೈ 10. "ಅದಕ್ಕೆ ಮುಂಚೆ?"

"ಒಂದೂ ಇಲ್ಲ. ನಮ್ಮವ್ವನಾಣೆ."

ಮೇಷ್ಟ್ರು ಜುಲೈ 8ರ ಪುಟದ ಮೇಲೆ ಬೆರಳಿಟ್ಟುಕೊಂಡು ಮನಸ್ಸಿನಲ್ಲೇ ಏನನ್ನೋ ಎಣಿಸಿದರು. ಏನೆಂದು ಯಾರಿಗೂ ಹೇಳಲಿಲ್ಲ.

ನವೆಂಬರ್ 11, ಮಂಗಳವಾರ ಬೆಳಿಗ್ಗೆ 11ಕ್ಕೆ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಜಾಮೀನು ಸಿಕ್ಕಿತು. ಜಾಮೀನುದಾರರು ಯಾರೆಂದು ಕೇಳಿದಾಗ ಮೇಷ್ಟ್ರು ಮನೆಯ ಪತ್ರ ಹಿಡಿದು ಮುಂದೆ ಬಂದರು. ನ್ಯಾಯಾಧೀಶರು ದೂರುದಾರರ ಹೆಸರನ್ನೂ ಜಾಮೀನುದಾರರ ಹೆಸರನ್ನೂ ಓದಿ, ಕನ್ನಡಕದ ಮೇಲಿನಿಂದ ಮೇಷ್ಟ್ರನ್ನು ನೋಡಿದರು.

"ಇಬ್ಬರೂ ನೀವೇನಾ?"

"ಹೌದು ಸ್ವಾಮಿ."

ಠಾಣೆಗೆ ಮರಳಿದ ಮೇಲೆ ಶಶಿರೇಖ ಕೇಸ್ ಡೈರಿ ಬರೆದರು. ಕೃತ್ಯದ ಉದ್ದೇಶ ಎಂಬಲ್ಲಿ ಹೆಚ್ಚು ಬರೆಯಲಿಲ್ಲ: "ಕಾಯಿಲೆಯ ಗೆಳೆಯನನ್ನು ಚಿಕಿತ್ಸೆಗೆ ಹೊರಡಿಸಲು ಆರೋಪಿಯು ಮಾಡಿದ ಉಪಾಯ ಆ ಗೆಳೆಯನಿಗೆ ತಿಳಿಯಬಾರದೆಂದು." ಬರೆದು, ಒಂದು ಸಲ ಓದಿ, ಹಾಗೇ ಬಿಟ್ಟರು.

ಉಳಿದದ್ದು ಮುನಿಶಾಮಿಯ ಹೇಳಿಕೆ. ಬುಧವಾರ ಸಂಜೆ 4 ಗಂಟೆಗೆ ಅವರು ಕೋರಮಂಡಲ್‌ಗೆ ಹೋದಾಗ ಜಗಲಿಯ ಮೇಲೆ ಮುನಿಶಾಮಿ, ಮೇಷ್ಟ್ರು ಇಬ್ಬರೂ ಕೂತಿದ್ದರು. ಹೇಳಿಕೆ ಮುಗಿಯುವವರೆಗೆ ಹತ್ತಿರ ಬರಬಾರದೆಂದು ತಾಕೀತು ಮಾಡಿದ್ದರಿಂದ ಕೋದಂಡಪ್ಪ ದೂರದ ಬೀದಿ ನಲ್ಲಿಯ ಹತ್ತಿರ ನಿಂತಿದ್ದ. ಶಶಿರೇಖ ಬೇಕಾದಷ್ಟನ್ನೇ ಕೇಳಿದರು: ಗುರುವಾರ ಎಲ್ಲಿದ್ದಿರಿ, ಜೊತೆಗೆ ಯಾರಿದ್ದರು, ಬೀಗದ ಕೈ ವಿಷಯ ಯಾರಿಗೆ ಗೊತ್ತು. ಬರೆದುಕೊಂಡದ್ದನ್ನು ಓದಿ ಹೇಳಿದರು.

"ನಂದೊಂದು ಮಾತು ತಾಯಿ. ಅವ್ನ್ಯಾಕೆ ತಗೊಂಡ? ಕೇಳಿದ್ರೆ... ಬಾಯೇ ಬುಡಲ್ಲ."

ಪೆದ್ದಮ್ಮ ಬಾಗಿಲಿಗೆ ಬಂದು ನಿಂತಳು. ಶಶಿರೇಖ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಮಾತಾಡಿದರು.

"ಅವನು ಹಂಚುವಾಗ ಎಲೆ ಸರಿಯಾಗಿ ಕಲೆಸ್ತಿರಲಿಲ್ಲ ಮುನಿಶಾಮಿ. ಹೋದ ವರ್ಷ ಜುಲೈಯಿಂದ. ನಾನು ಬೈತೀನಿ ಅಂತ ಪುಸ್ತಕ ಬಚ್ಚಿಟ್ಟ. ಅಲ್ಲಿಂದ ಈಚೆಗಿನದ್ದೆಲ್ಲ ಲೆಕ್ಕಕ್ಕೆ ಬರೋದಿಲ್ಲ, ಹೊಡೆದು ಹಾಕಿದೀನಿ. ಈಗ ಹದಿನೈದು ಸಾವಿರದ ಎಂಟುನೂರ ಹತ್ತಕ್ಕೆ ನಿಂತಿದೆ."

ಮುನಿಶಾಮಿ ನಲ್ಲಿಯ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಶಶಿರೇಖ ಅವನ ಮುಖದಲ್ಲಿ ಏನನ್ನೋ ಹುಡುಕಿದರು. ಏನೂ ತಿಳಿಯಲಿಲ್ಲ.

"ಹಂಗಾದ್ರೆ ಇನ್ನೂ ಎಷ್ಟು ಬೇಕು ಮೇಷ್ಟ್ರೇ?"

"ಆರು ಸಾವಿರದ ಇನ್ನೂರ ತೊಂಬತ್ತು. ಎಪ್ಪತ್ತು ವಾರ."

"ಎಪ್ಪತ್ತು ವಾರ!" ಮುನಿಶಾಮಿ ಕೆಮ್ಮಿದ, ಸಾವರಿಸಿಕೊಂಡ. "ನನ್ನ ಕೈಲಾಗಲ್ಲ ಬುಡಿ. ನನ್ ಬದ್ಲು ಇನ್ಯಾರ್ನಾದ್ರೂ... ಕೂರಿಸ್ಕೊಂಡು ಮುಗಿಸಿ."

"ಆಗೋದಿಲ್ಲ. ಶುರು ಮಾಡಿದ ಮೂವರೇ ಮುಗಿಸಬೇಕು. ನಡುವೆ ಒಬ್ಬರು ಬದಲಾದರೂ ಲೆಕ್ಕ ಕೆಟ್ಟುಹೋಗುತ್ತೆ."

ಯಾರು ಕೂತು ಆಡಿದರೂ ಎಲೆಯ ಲೆಕ್ಕ ಬದಲಾಗುವುದಿಲ್ಲ ಎಂಬುದು ಇಷ್ಟು ದಿನಗಳಲ್ಲಿ ಶಶಿರೇಖ ಅವರಿಗೂ ಗೊತ್ತಾಗಿತ್ತು. ಮೇಷ್ಟ್ರು ಅವರ ಕಡೆ ನೋಡಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು. ಶಶಿರೇಖ ಹೇಳಿಕೆಯ ಹಾಳೆಯನ್ನು ಮಡಚಿ ಕಡತದೊಳಗೆ ಇಟ್ಟುಕೊಂಡು ಎದ್ದರು.

"ನಿಜವಾಗ್ಲೂ?" ಮುನಿಶಾಮಿ ಕೇಳಿದ.

"ನಿಜವಾಗ್ಲೂ."

ಮುನಿಶಾಮಿ ಗೋಡೆ ಹಿಡಿದು ಸ್ವಲ್ಪ ನೆಟ್ಟಗೆ ಕೂತ. ಬೀದಿಯ ಕಡೆ ಕೈ ಎತ್ತಿ, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದ. "ಲೇ ಕೋದಂಡ, ಬಾರ್ಲಾ ಇಲ್ಲಿ! ಅಲ್ಯಾಕ್ಲಾ ನಿಂತಿದೀಯಾ? ನೀನು ಆಡು, ಎಲೆ ಮಾತ್ರ ಮುಟ್ಟಿ ಅಂಚ್ಬ್ಯಾಡ. ಇನ್ಮ್ಯಾಕೆ ನಮ್ಮ ಪೆದ್ದಿ ಅಂಚ್ತಾಳೆ."

ಕೋದಂಡಪ್ಪ ನಿಧಾನವಾಗಿ ಬಂದು ಮೆಟ್ಟಿಲ ಮೇಲೆ ಕೂತ. ಪೆದ್ದಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎಲೆಗಳನ್ನು ತೆಗೆದುಕೊಂಡಳು. ಅವಳಿಗೆ ಕಲೆಸಲು ಬರುತ್ತಿರಲಿಲ್ಲ. ಅಕ್ಕಿ ಆರಿಸುವ ಹಾಗೆ ಎಲ್ಲವನ್ನೂ ಚಾಪೆಯ ಮೇಲೆ ಹರಡಿ ಎರಡು ಕೈಯಲ್ಲೂ ತಿರುವಿದಳು.

"ಅದೇ ಸರಿಯಾದ ಕ್ರಮ," ಎಂದರು ಮೇಷ್ಟ್ರು. ಹೊಸ ಪುಸ್ತಕ ತೆರೆದು ತಾರೀಖು ಬರೆದರು.

ಮೊದಲ ಸಲ ಮುನಿಶಾಮಿಗೆ ಬಿದ್ದದ್ದು ಎರಡು, ಏಳು, ಗುಲಾಮ. ಯಾವುದಕ್ಕೂ ಯಾವುದೂ ಸೇರದ ಎಲೆ. ಅವನು ಅದನ್ನು ಮೇಷ್ಟ್ರ ಮುಂದೆ ಬಿಡಿಸಿಟ್ಟು, ಅವರು ಬರೆದು ಮುಗಿಸುವವರೆಗೂ ನೋಡುತ್ತಾ ಕೂತಿದ್ದ. ಆಮೇಲೆ ಕೇಳಿದ, "ಕೋದಂಡ, ನಾಳೆ ಗಾಡಿಗೆ ಎಷ್ಟೊತ್ತಿಗೆ ಬತ್ತೀಯಾ?"